ಒಂಬತ್ತು ಸಿಂಥ್, ಎರಡೇ ಇನ್‌ಪುಟ್: ಮಿಕ್ಸರ್ ತಗೊಳ್ಳಲಾ, ದೊಡ್ಡ ಇಂಟರ್ಫೇಸ್ ತಗೊಳ್ಳಲಾ?

ನಾಬು_ತಿರುಗಿಸು, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಹಡಿ ಮೇಲೆ ಹತ್ತಕ್ಕೆ ಹತ್ತರ ಒಂದು ರೂಮು ಇದೆ. ಮೊದಲು ಅಕ್ಕಿ ಮೂಟೆ, ಹಳೇ ಟ್ರಂಕು ಇಡುತ್ತಿದ್ದ ಜಾಗ. ಈಗ ಅಲ್ಲಿ ಸಿಂಥ್‌ಗಳು, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು, ಕೂತಿವೆ. ಕೋರ್ಗ್ ಮಿನಿಲಾಗ್, ಆರ್ಟೂರಿಯಾ ಮೈಕ್ರೋಫ್ರೀಕ್, ಬೆಹ್ರಿಂಗರ್ ಟಿಡಿ-3, ವೋಲ್ಕಾ ಕೀಸ್, ವೋಲ್ಕಾ ಬಾಸ್, ರೋಲ್ಯಾಂಡ್ ಎಕ್ಸ್‌ಪಿಎಸ್-10, ಎಲೆಕ್ಟ್ರಾನ್ ಡಿಜಿಟಾಕ್ಟ್, ರೋಲ್ಯಾಂಡ್ ಟಿಆರ್-8ಎಸ್, ಮತ್ತೆ ನನಗಿಂತ ವಯಸ್ಸಾದ ಒಂದು ಯಮಹಾ ಡಿಎಕ್ಸ್7. ಒಟ್ಟು ಒಂಬತ್ತು. ಜೊತೆಗೆ ಸದ್ದಿಗೆ ದೊಡ್ಡ ಹಾಲ್‌ನ ಗುಂಗು ಸೇರಿಸುವ ಒಂದು ಸ್ಟೀರಿಯೋ ರಿವರ್ಬ್ ಪೆಡಲ್.

ಇಷ್ಟಕ್ಕೆಲ್ಲ ಸೇರಿ ನನ್ನ ಹತ್ತಿರ ಇರುವುದು ಎರಡು ಇನ್‌ಪುಟ್‌ನ ಪುಟ್ಟ ಇಂಟರ್ಫೇಸ್, ಅಂದರೆ ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ. ರಾತ್ರಿ ಮಗಳು ಮಲಗಿದ ಮೇಲೆ ಒಂದೂವರೆ ಗಂಟೆ ಸಿಗುತ್ತದೆ. ಅದರಲ್ಲಿ ಅರ್ಧ ಗಂಟೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮೇಜಿನ ಹಿಂದೆ ನುಗ್ಗಿ, ಇದರ ಕೇಬಲ್ ಕಿತ್ತು ಅದಕ್ಕೆ ಹಾಕುವುದರಲ್ಲೇ ಹೋಗುತ್ತದೆ. ಹೊರಗೆ ಬರುವಷ್ಟರಲ್ಲಿ ತಲೆಯಲ್ಲಿದ್ದ ಟ್ಯೂನ್ ಮಾಯ.

ಬಜೆಟ್ 60 ಸಾವಿರ, ತೀರಾ ಮನಸ್ಸಾದರೆ 70. ಹಲವು ಸದ್ದು ಬೆರೆಸುವ ಮಿಕ್ಸರ್‌ಗಳಲ್ಲಿ ಯಮಹಾ ಎಂಜಿ16ಎಕ್ಸ್‌ಯು ನೋಡಿದೆ, ಡಿಜಿಟಲ್ ಆದ ಬೆಹ್ರಿಂಗರ್ ಎಕ್ಸ್‌ಆರ್18 ನೋಡಿದೆ, ಇಂಟರ್ಫೇಸ್‌ಗಳಲ್ಲಿ ಫೋಕಸ್‌ರೈಟ್ 18ಐ20 ನೋಡಿದೆ. ನೋಡಿದಷ್ಟೂ ಗೊಂದಲ ಜಾಸ್ತಿ. ಇನ್ನೆರಡು ಕಾಟ ಇವೆ. ವೋಲ್ಕಾ ಕೀಸ್ ಇಂಟರ್ಫೇಸ್‌ಗೆ ಹಾಕಿದರೆ ಸದ್ದೇ ಇಲ್ಲ ಅನ್ನುವಷ್ಟು ತೆಳುವಾಗಿ ಬರುತ್ತದೆ, ಹೆಡ್‌ಫೋನ್‌ನಲ್ಲಿ ಚೆನ್ನಾಗಿಯೇ ಇದೆ. ಇನ್ನೊಂದು, ಯಾವಾಗಲೂ ಹಿಂದೆ ಗುಂಯ್ ಅಂತ ಒಂದು ಸದ್ದು.

ಹಳೇ_ಫೇಡರ್, ಹುಬ್ಬಳ್ಳಿ:

ನಾನು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬ ಬಂದರೆ ಮನೆ ಮುಖ ನೋಡುವುದಿಲ್ಲ. ಸ್ಟೇಜ್ ಮೇಲೆ ನಮ್ಮದು ಸುಲಭ, ಎರಡು ಕೇಬಲ್ ಸೌಂಡಿನವನ ಕೈಗೆ ಕೊಟ್ಟರೆ ಮುಗಿಯಿತು. ಮನೆಯಲ್ಲಿ ಸೌಂಡಿನವನೂ ನಾನೇ, ಅದೇ ಕಷ್ಟ.

ಮೊದಲು ಒಂದು ಹೇಳಿ. ನುಡಿಸಿದ ಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ತಿದ್ದಬೇಕಾ, ಇಲ್ಲಾ ಅಲ್ಲೇ ಮಿಕ್ಸ್ ಆಗಿ ಎರಡು ಟ್ರ್ಯಾಕ್ ಬಂದರೆ ಸಾಕಾ? ಇದು ಗೊತ್ತಾಗದೆ ಏನೂ ಕೊಳ್ಳಬೇಡಿ. ಎಂಜಿ16ಎಕ್ಸ್‌ಯು ಗಟ್ಟಿ ಮಿಕ್ಸರ್, ನಾನು ವರ್ಷಗಟ್ಟಲೆ ಬಳಸಿದ್ದೇನೆ. ಆದರೆ ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ಹೋಗುವುದು ಎರಡೇ ಚಾನಲ್. ಹದಿನಾರು ದಾರಿಯಲ್ಲಿ ಒಳಗೆ ಬಂದದ್ದು ಎರಡು ದಾರಿಯಲ್ಲಿ ಹೊರಗೆ ಹೋಗುತ್ತದೆ. ಒಮ್ಮೆ ಗೆಳೆಯರೆಲ್ಲ ಸೇರಿ ಮೂರು ಗಂಟೆ ನುಡಿಸಿ ರೆಕಾರ್ಡ್ ಮಾಡಿದೆವು, ಬೆಳಿಗ್ಗೆ ಕೇಳಿದರೆ ಬಾಸ್ ಒಂದೇ ಮೇಲೆ ಕೂತಿದೆ. ತೆಗೆಯಲು ಬರುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆದ ಹಾಗೆ.

ಪ್ಯಾಚ್‌ಬೇ_ಅಕ್ಕ, ಬೆಂಗಳೂರು:

ಸಿಂಥ್ ಎಣಿಸಬೇಡಿ, ಹಿಂದಿನ ಜಾಕ್ ಎಣಿಸಿ. ಮಿನಿಲಾಗ್, ಮೈಕ್ರೋಫ್ರೀಕ್, ಟಿಡಿ-3, ಡಿಎಕ್ಸ್7 ಎಲ್ಲಾ ಮೊನೊ, ಒಂದಕ್ಕೆ ಒಂದೇ ಇನ್‌ಪುಟ್ ಸಾಕು. ನಿಮ್ಮ ಎರಡು ವೋಲ್ಕಾಗಳ ಜಾಕ್ ಸ್ಟೀರಿಯೋ, ಆದರೆ ಎರಡೂ ಕಡೆ ಬರುವುದು ಒಂದೇ ಸದ್ದು, ಹಾಗಾಗಿ ಅವೂ ಮೊನೊ ಅಂತಲೇ ಲೆಕ್ಕ. ಅಲ್ಲಿಗೆ ಆರು. ಎಕ್ಸ್‌ಪಿಎಸ್-10 ಎರಡು, ಡಿಜಿಟಾಕ್ಟ್ ಎರಡು. ಹತ್ತು ಆಯಿತು. ಟಿಆರ್-8ಎಸ್ ಇದೆಯಲ್ಲ, ಅದು ಬಿಡಿ ಸಂಸಾರ ಮಾಡುವ ಜಾತಿ. ಮಿಕ್ಸ್ ಔಟ್ ಎರಡು, ಬೇರೆ ಔಟ್ ಆರು. ಎರಡೇ ಬಳಸಿದರೆ ಒಟ್ಟು 12, ಪೂರ್ತಿ ಬಳಸಿದರೆ 18. ರಿವರ್ಬ್ ವಾಪಸ್ ಬರಲು ಇನ್ನೆರಡು.

ಅಂದರೆ ನಿಮ್ಮ ಪ್ರಶ್ನೆ 14ರದ್ದಾ 20ರದ್ದಾ ಅನ್ನುವುದನ್ನು ಒಂದು ಡ್ರಮ್ ಮಷೀನ್ ತೀರ್ಮಾನಿಸುತ್ತಿದೆ. ಅದಕ್ಕೆ ಅಷ್ಟು ಸದರ ಕೊಡಬೇಡಿ. ಕಿಕ್ ಬೇರೆ, ಸ್ನೇರ್ ಬೇರೆ ಬೇಕಾದ ದಿನ ಅದರ ಯುಎಸ್‌ಬಿಯಲ್ಲೇ ಬಿಡಿ ಟ್ರ್ಯಾಕ್ ಸಿಗುತ್ತವೆ.

ಹೆಸರಿನಲ್ಲಿರುವ ನಂಬರ್ ನಂಬಿ ದುಡ್ಡು ಕೊಡಬೇಡಿ. 18ಐ20 ಅಂದ ತಕ್ಷಣ ಹದಿನೆಂಟು ಸಿಂಥ್ ಹಾಕಬಹುದು ಅಂದುಕೊಳ್ಳುತ್ತಾರೆ. ಸಿಂಥ್ ನೇರ ಹಾಕುವ ಅನಲಾಗ್ ಇನ್‌ಪುಟ್ ಎಂಟೇ. ಇನ್ನು ಎಂಟು ಎಡಾಟ್ ಅನ್ನುವ ಆಪ್ಟಿಕಲ್ ಕೇಬಲ್‌ನಲ್ಲಿ ಬರಬೇಕು, ಎರಡು ಎಸ್‌ಪಿಡಿಐಎಫ್ ಅನ್ನುವ ಡಿಜಿಟಲ್ ಜಾಕ್‌ನಲ್ಲಿ. ಎಡಾಟ್‌ಗೆ ಎಡಿಎ8200 ತರಹದ ಇನ್ನೊಂದು ಪೆಟ್ಟಿಗೆ ಬೇಕು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದು ಅಳೆಯುವಾಗ, ಒಂದು ಆಪ್ಟಿಕಲ್ ಕೇಬಲ್ ಎಂಟು ಚಾನಲ್ ಹೊರುತ್ತದೆ, 96ಕ್ಕೆ ಹೋದರೆ ನಾಲ್ಕೇ. ಟಾಸ್ಕಾಮ್ ಮಾಡೆಲ್ 12, 16, 24 ಮಿಕ್ಸರ್‌ಗಳದ್ದೂ ಇದೇ ಕಥೆ. ಹೆಸರಿನ ನಂಬರ್‌ನಲ್ಲಿ ಕೊನೆಯ ಸ್ಟೀರಿಯೋ ಮಿಕ್ಸ್‌ನ ಎರಡು ಟ್ರ್ಯಾಕ್ ಸೇರಿರುತ್ತದೆ. ನಿಮ್ಮ ಸಿಂಥ್‌ಗೆ ಸಿಗುವುದು 10, 14, 22.

ಸೋಲ್ಡರ್_ಹೊಗೆ, ಬೆಂಗಳೂರು:

ವೋಲ್ಕಾ ತೆಳುವಾಗಿ ಬರುತ್ತದೆ ಅಂದಿರಲ್ಲ, ಅದಕ್ಕೆ ಯಾವ ಕೇಬಲ್ ಹಾಕಿದ್ದೀರಿ? ಒಂದು ಕಡೆ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಮೂರು ಪಟ್ಟಿಯ ದೊಡ್ಡ ಜಾಕ್, ಅಲ್ವಾ?

ನಾಬು_ತಿರುಗಿಸು:

ಹೌದು! ಒಳ್ಳೇ ಕೇಬಲ್ ಅಂತಲೇ ಜಾಸ್ತಿ ದುಡ್ಡು ಕೊಟ್ಟು ತಂದೆ.

ಸೋಲ್ಡರ್_ಹೊಗೆ:

ಕೇಬಲ್ ಒಳ್ಳೆಯದೇ, ಜಾಗ ತಪ್ಪು. ನಿಮ್ಮ ಇಂಟರ್ಫೇಸ್ ಇನ್‌ಪುಟ್ ಬ್ಯಾಲೆನ್ಸ್ಡ್. ಅದು ಜಾಕ್‌ನ ತುದಿಯಲ್ಲಿ ಬಂದದ್ದರಿಂದ ನಡುವಿನ ಪಟ್ಟಿಯಲ್ಲಿ ಬಂದದ್ದನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿ ಬಂದದ್ದೆಲ್ಲ ಗಲಾಟೆ, ತೆಗೆದುಹಾಕು ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ವೋಲ್ಕಾ ಕೀಸ್ ತುದಿಗೂ ಪಟ್ಟಿಗೂ ಒಂದೇ ಸದ್ದು ಕಳಿಸುತ್ತದೆ. ಐದರಲ್ಲಿ ಐದು ಕಳೆದರೆ ಸೊನ್ನೆ. ನಿಮಗೆ ಕೇಳುತ್ತಿರುವುದು ಪೂರ್ತಿ ಕಳೆಯದೆ ಉಳಿದ ಚೂರುಪಾರು.

ಸಣ್ಣ ಸ್ಟೀರಿಯೋ ಪಿನ್‌ನಿಂದ ಎರಡು ಮೊನೊ ಜಾಕ್ ಆಗಿ ಒಡೆಯುವ ಕೇಬಲ್ ತಗೊಂಡು ಒಂದನ್ನು ಮಾತ್ರ ಹಾಕಿ, ಇನ್ನೊಂದನ್ನು ಹಾಗೇ ನೇತಾಡಲು ಬಿಡಿ. ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡ್‌ನಲ್ಲಿ ಜಾಕು, ವೈರು ಬಿಡಿಯಾಗಿ ಸಿಗುತ್ತದೆ. ಬೆಸುಗೆ ಹಾಕಲು ಬಂದರೆ ಅಳತೆಗೆ ತಕ್ಕ ಹಾಗೆ ನೀವೇ ಮಾಡಿಕೊಳ್ಳಬಹುದು. ಒಂಬತ್ತು ಸಿಂಥ್ ಇದ್ದವರಿಗೆ ಬೆಸುಗೆ ಬರದಿದ್ದರೆ ಕೇಬಲ್‌ಗೇ ಇನ್ನೊಂದು ಸಿಂಥ್‌ನ ದುಡ್ಡು ಹೋಗುತ್ತದೆ. ಮಿಕ್ಸರ್ ಬಜೆಟ್‌ನಿಂದ ಆರೇಳು ಸಾವಿರ ಈಗಲೇ ಕೇಬಲ್ ಅಂತ ಪಕ್ಕಕ್ಕಿಡಿ. ಯಾರೂ ಇಡುವುದಿಲ್ಲ, ಆಮೇಲೆ ಒದ್ದಾಡುತ್ತಾರೆ.

ಕರಾವಳಿ_ಕೀಸ್, ಉಡುಪಿ:

ಗುಂಯ್ ಸದ್ದಿಗೆ ಮಿಕ್ಸರ್ ಮದ್ದಲ್ಲ. ಬರೆದಿಟ್ಟುಕೊಳ್ಳಿ, ಮಿಕ್ಸರ್ ತಂದ ದಿನ ಅದು ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಅವತ್ತು ಎಲ್ಲಾ ಮಷೀನ್ ಒಟ್ಟಿಗೆ ಒಂದಕ್ಕೊಂದು ಸೇರುತ್ತವೆ. ಈಗಲೇ ಪತ್ತೆ ಮಾಡಿ. ಸದ್ದು ದಪ್ಪಗೆ ಒಂದೇ ಸಮ ಇದೆಯಾ, ಇಲ್ಲಾ ಮೌಸ್ ಆಡಿಸಿದರೆ ಸಣ್ಣಗೆ ಕಿರ್ರ್ ಅಂತ ಬದಲಾಗುತ್ತದಾ? ಒಂದೊಂದೇ ಕೇಬಲ್ ಕಿತ್ತು ನೋಡಿ. ಯುಎಸ್‌ಬಿ ಕೇಬಲ್‌ಗಳನ್ನೂ ಕೀಳಿ, ಲ್ಯಾಪ್‌ಟಾಪ್ ಚಾರ್ಜರ್ ಕೂಡ.

ನಾಬು_ತಿರುಗಿಸು:

ಮಾಡಿದೆ. ಎರಡೂ ಇವೆ! ಡಿಜಿಟಾಕ್ಟ್‌ನ ಯುಎಸ್‌ಬಿ ಕಿತ್ತ ತಕ್ಷಣ ಕಿರ್ರ್ ನಿಂತಿತು. ಇಷ್ಟು ದಿನ ಅದು ರೂಮಿನ ಸದ್ದು ಅಂದುಕೊಂಡಿದ್ದೆ. ದಪ್ಪ ಗುಂಯ್ ಮಾತ್ರ ಹಾಗೇ ಇದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದರೆ ಅದೂ ಹೋಗುತ್ತದೆ. ಸ್ಪೀಕರ್‌ಗಳು ಕಿಟಕಿ ಪಕ್ಕದ ಪ್ಲಗ್‌ನಲ್ಲಿವೆ, ಮಿಕ್ಕಿದ್ದೆಲ್ಲ ಬಾಗಿಲ ಹತ್ತಿರದ ಪ್ಲಗ್‌ನಲ್ಲಿ.

ಸೋಲ್ಡರ್_ಹೊಗೆ:

ಸಿಕ್ಕಿತಲ್ಲ. ದಪ್ಪ ಸದ್ದು ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮರಿಗಳು. ಸ್ಪೀಕರ್ ಒಂದು ಗೋಡೆಯ ಅರ್ತ್ ಹಿಡಿದಿದೆ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಯದ್ದು, ನಡುವೆ ಆಡಿಯೋ ಕೇಬಲ್. ಒಂದು ದೊಡ್ಡ ಸುತ್ತು ಆಯಿತು, ಆ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ. ಎಲ್ಲವನ್ನೂ ಒಂದೇ ಗೋಡೆಯ ಪ್ಲಗ್‌ನಿಂದ, ಅರ್ತ್ ಇರುವ ಒಳ್ಳೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ತನ್ನಿ. ಸಿಂಥ್‌ಗಳು ತಿನ್ನುವ ಕರೆಂಟ್ ಬಹಳ ಕಡಿಮೆ, ಭಯ ಬೇಡ. ಇಸ್ತ್ರಿಪೆಟ್ಟಿಗೆ ಮಾತ್ರ ಅದೇ ಬಾಕ್ಸ್‌ಗೆ ಹಾಕಬೇಡಿ.

ಡಿಜಿಟಾಕ್ಟ್‌ದೂ ಇದೇ ಜಾತಿ, ಅಲ್ಲಿ ಸುತ್ತು ಯುಎಸ್‌ಬಿ ಮೂಲಕ. ಅದಕ್ಕೆ ಕರೆಂಟ್ ಬೇರೆ ಅಡಾಪ್ಟರ್‌ನಿಂದ ಬರುತ್ತದೆ, ಹಾಗಾಗಿ ಬರೀ ಕ್ಲಾಕ್‌ಗೆ, ಅಂದರೆ ಮಷೀನ್‌ಗಳ ತಾಳ ಒಂದಾಗಿಸಲು, ಯುಎಸ್‌ಬಿ ಹಾಕಿದ್ದರೆ ತೆಗೆದು, ವಾದ್ಯಗಳು ಒಂದಕ್ಕೊಂದು ಸೂಚನೆ ಕಳಿಸುವ ಹಳೇ ದುಂಡನೆಯ ಮಿಡಿ ಕೇಬಲ್ ಹಾಕಿ. ಮಿಡಿಯಲ್ಲಿ ಒಳಗೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಐಸೊಲೇಟರ್ ಇರುತ್ತದೆ, ಎರಡು ಮಷೀನ್‌ಗಳ ಗ್ರೌಂಡ್ ಒಂದಕ್ಕೊಂದು ತಾಗುವುದೇ ಇಲ್ಲ. 1983ರಲ್ಲಿ ಮಿಡಿ ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದರು. ನಿಮ್ಮ ಡಿಎಕ್ಸ್7 ಕೂಡ ಅದೇ ವರ್ಷದ್ದು.

ಒಂದು ಮಾತ್ರ ಬೇಡವೇ ಬೇಡ. ಪ್ಲಗ್‌ನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವ ಬುದ್ಧಿವಂತರು ಇದ್ದಾರೆ. ಹಮ್ ನಿಲ್ಲುತ್ತದೆ, ಇನ್ನೊಂದು ದಿನ ಮನುಷ್ಯನೂ ನಿಲ್ಲುತ್ತಾನೆ. ತೀರಾ ಬಗ್ಗದಿದ್ದರೆ ಆಡಿಯೋ ದಾರಿಯಲ್ಲಿ ಗ್ರೌಂಡ್ ಬೇರ್ಪಡಿಸುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ.

ಹಳೇ_ಫೇಡರ್:

ಇನ್ವರ್ಟರ್ ಇದ್ದವರಿಗೂ ಒಂದು ಮಾತು. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬಿದ್ದ ಕ್ಷಣ ನಮ್ಮ ಹಳೇ ಮಿಕ್ಸರ್ ಜೇನುಗೂಡಿನ ಹಾಗೆ ಒದರುತ್ತಿತ್ತು. ಪ್ಯೂರ್ ಸೈನ್ ವೇವ್‌ನದ್ದು ಹಾಕಿದ ಮೇಲೆ ಸುಮ್ಮನಾಯಿತು.

ಬರ್ಲಿನ್_ಬಾಸ್:

ನಾನು ಧಾರವಾಡದವನು, ಈಗ ಬರ್ಲಿನ್‌ನಲ್ಲಿದ್ದೇನೆ. ಇಲ್ಲಿ ಪ್ರತಿ ವರ್ಷ ಸೂಪರ್‌ಬೂತ್ ಅಂತ ಸಿಂಥ್‌ಗಳ ಜಾತ್ರೆ ನಡೆಯುತ್ತದೆ. ಅಲ್ಲಿಗೆ ಹೋಗಿ ಕೈ ಸುಟ್ಟುಕೊಂಡವರ ಪೈಕಿ ನಾನೂ ಒಬ್ಬ. ನನ್ನ ವೋಟು ಎಕ್ಸ್‌ಆರ್18ಗೆ. ಯುಎಸ್‌ಬಿಯಲ್ಲಿ 18 ಒಳಗೆ, 18 ಹೊರಗೆ. ಚಾನಲ್‌ಗಳಿಗೆ ಸದ್ದಿನ ದಪ್ಪ-ತೆಳು ತಿದ್ದುವ ಈಕ್ಯೂ, ಏರಿಳಿತ ಹಿಡಿಯುವ ಕಂಪ್ರೆಸರ್, ಒಳಗೇ ಎಫೆಕ್ಟ್. ಸೆಟ್ಟಿಂಗ್ ಸೇವ್ ಮಾಡಿಟ್ಟರೆ ನಾಳೆ ಹಾಗೇ ವಾಪಸ್ ಬರುತ್ತದೆ. ಮೇಜಿನ ಮೇಲೆ ಜಾಗವನ್ನೇ ತಿನ್ನುವುದಿಲ್ಲ. ಹತ್ತಕ್ಕೆ ಹತ್ತರ ರೂಮಿನಲ್ಲಿ ದೊಡ್ಡ ಅನಲಾಗ್ ಮಿಕ್ಸರ್ ಇಟ್ಟರೆ ಸಿಂಥ್ ಎಲ್ಲಿ ಇಡುತ್ತೀರಿ?

ಪ್ಯಾಚ್‌ಬೇ_ಅಕ್ಕ:

ಒಪ್ಪುತ್ತೇನೆ, ಅರ್ಧ. ಎಕ್ಸ್‌ಆರ್18ರಲ್ಲಿ ಸದ್ದು ಏರಿಸಿ ಇಳಿಸಲು ಕೈಗೆ ಸಿಗುವ ಫೇಡರ್ ಒಂದೂ ಇಲ್ಲ, ಎಲ್ಲಾ ಟ್ಯಾಬ್ಲೆಟ್ ಮೇಲೆ. ಒಂದು ಕೈಯಲ್ಲಿ ಟಿಡಿ-3ರ ಕಟಾಫ್ ನಾಬ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಮಿನಿಲಾಗ್ ಮೆಲ್ಲಗೆ ಇಳಿಸಬೇಕು ಅಂದಾಗ ಗಾಜಿನ ಮೇಲೆ ಬೆರಳು ಎಲ್ಲಿದೆ ಅಂತ ಕಣ್ಣಿಟ್ಟು ನೋಡಬೇಕು. ಕೆಲವರಿಗೆ ಪರವಾಗಿಲ್ಲ. ನನಗೆ ಆಗುವುದಿಲ್ಲ.

ನನ್ನ ಮನೆಯಲ್ಲಿ ಮಿಕ್ಸರ್ ಇಲ್ಲ. ಎಂಟು ಇನ್‌ಪುಟ್ ಇಂಟರ್ಫೇಸ್, ಅದರ ಮುಂದೆ 48 ಜಾಕ್‌ನ ಪ್ಯಾಚ್‌ಬೇ, ಅಂದರೆ ಎಲ್ಲಾ ಕೇಬಲ್ ಒಂದೇ ಕಡೆ ಸೇರಿಸುವ ಹಲಗೆ. ಎಲ್ಲಾ ಸಿಂಥ್ ಹಿಂದಿನ ಮೇಲಿನ ಸಾಲಿಗೆ, ಇಂಟರ್ಫೇಸ್ ಇನ್‌ಪುಟ್ ಹಿಂದಿನ ಕೆಳಸಾಲಿಗೆ. ಹಾಫ್ ನಾರ್ಮಲ್ ಅನ್ನುವ ಜೋಡಣೆಯಲ್ಲಿಟ್ಟರೆ ಮುಂದೆ ಏನೂ ಹಾಕದಿದ್ದಾಗ ಮೇಲಿನದ್ದು ತಾನೇ ಕೆಳಗಿನದ್ದಕ್ಕೆ ಹೋಗುತ್ತದೆ. ಮುಂದಿನ ಕೆಳಸಾಲಿಗೆ ಬೇರೆ ಸಿಂಥ್ ಚುಚ್ಚಿದರೆ ಹಳೆಯದ್ದು ಕಡಿದು ಹೊಸದು ಹೋಗುತ್ತದೆ. ಮುಂದಿನ ಮೇಲುಸಾಲಿಗೆ ಚುಚ್ಚಿದರೆ ಕಡಿಯುವುದಿಲ್ಲ, ಸಿಗ್ನಲ್ ಎರಡು ಕಡೆ ಹಂಚುತ್ತದೆ. ಒಂಬತ್ತು ಸಿಂಥ್ ಇರಬಹುದು, ಕೈ ಎರಡೇ ಅಲ್ವಾ. ಒಂದು ಹಾಡಿಗೆ ನಾನು ನಾಲ್ಕಕ್ಕಿಂತ ಜಾಸ್ತಿ ಬಳಸಿದ್ದು ನೆನಪಿಲ್ಲ. ಟಾರ್ಚ್ ಕಚ್ಚುವ ಕಷ್ಟಕ್ಕೆ ಅತಿ ಅಗ್ಗದ ಮದ್ದು ಇದು.

ನಾಬು_ತಿರುಗಿಸು:

ಅಕ್ಕಾ, ನನ್ನ ಕಥೆ ಸ್ವಲ್ಪ ಬೇರೆ. ಹಗಲೆಲ್ಲ ಕೆಲಸಕ್ಕೆ ಸ್ಕ್ರೀನ್ ನೋಡಿ ಕಣ್ಣು ಉರಿಯುತ್ತದೆ. ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆರೆಯುವ ಮನಸ್ಸಿಲ್ಲ. ಡಿಜಿಟಾಕ್ಟ್‌ನಲ್ಲಿ ಸೀಕ್ವೆನ್ಸ್, ಅಂದರೆ ಮೊದಲೇ ಜೋಡಿಸಿಟ್ಟ ನೋಟ್‌ಗಳ ಸಾಲು, ಓಡಿಸಿ, ಏಳೆಂಟು ಮಷೀನ್ ಒಟ್ಟಿಗೆ ಬಿಟ್ಟು, ಒಂದೊಂದೇ ಮೇಲೆ ತರುವುದು ಇಳಿಸುವುದು, ಅದೇ ನನ್ನ ಆಟ. ಅದರಲ್ಲಿ ಚೆನ್ನಾಗಿ ಬಂದದ್ದನ್ನು ಭಾನುವಾರ ಕಂಪ್ಯೂಟರ್‌ನಲ್ಲಿ ಕೂತು ತಿದ್ದಬೇಕು. ಹಾಗಾಗಿ ಫೇಡರ್ ಬೇಕೇ ಬೇಕು, ಬಿಡಿ ಟ್ರ್ಯಾಕೂ ಬೇಕು.

ಹಳೇ_ಫೇಡರ್:

ಇದನ್ನು ಮೊದಲೇ ಹೇಳಿದ್ದರೆ ನಾವೆಲ್ಲ ಇಷ್ಟು ಒದರುವುದು ತಪ್ಪುತ್ತಿತ್ತು. ನಿಮಗೆ ಬೇಕಾದದ್ದು ಮಲ್ಟಿಟ್ರ್ಯಾಕ್ ಇರುವ ಮಿಕ್ಸರ್. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ, 22 ಎಂಟಿಕೆ ಇವೆ, ಅವು ಕಂಪ್ಯೂಟರ್‌ಗೆ ಬಿಡಿ ಚಾನಲ್ ಕಳಿಸುತ್ತವೆ. ಟಾಸ್ಕಾಮ್ ಮಾಡೆಲ್ ಸಾಲಿನವು ಕಂಪ್ಯೂಟರ್ ಇಲ್ಲದೆ ಎಸ್‌ಡಿ ಕಾರ್ಡ್‌ಗೇ ಬಿಡಿ ಬಿಡಿಯಾಗಿ ಬರೆದುಕೊಳ್ಳುತ್ತವೆ. ಲ್ಯಾಪ್‌ಟಾಪ್ ಕಂಡರೆ ಆಗದವರಿಗೆ ಎರಡನೆಯದು. ಮಾಡೆಲ್ 16ರ ಹದಿನಾಲ್ಕು ಇನ್‌ಪುಟ್ ನಿಮ್ಮ ಹದಿನಾಲ್ಕಕ್ಕೆ ಸರಿಯಾಗಿ ಕೂರುತ್ತದೆ. ಹೊಸದು ಬಜೆಟ್ ಮೀರಿದರೆ ಸೆಕೆಂಡ್ ಹ್ಯಾಂಡ್ ಹುಡುಕಿ.

ಎರಡು ವಿಷಯ ಮೊದಲೇ ತಿಳಿದಿರಲಿ. ಕಾರ್ಡ್‌ಗೆ ಹೋಗುವ ಸದ್ದು ಕಂಪ್ರೆಸರ್ ದಾಟಿದ್ದು, ಆದರೆ ಈಕ್ಯೂಗೆ ಮೊದಲಿನದ್ದು. ರಾತ್ರಿ ಈಕ್ಯೂ ತಿರುಗಿಸಿ ಮಾಡಿದ ಸಾಹಸ ಬಿಡಿ ಟ್ರ್ಯಾಕ್‌ನಲ್ಲಿ ಇರುವುದಿಲ್ಲ, ಕೊನೆಯ ಸ್ಟೀರಿಯೋ ಮಿಕ್ಸ್‌ನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಆ ಸ್ಟೀರಿಯೋ ಎರಡನ್ನೂ ತಪ್ಪದೆ ರೆಕಾರ್ಡ್ ಮಾಡಿ. ಎರಡನೆಯದು, ರಿವರ್ಬ್‌ಗೆ ಸದ್ದು ಕಳಿಸುವ ಆಕ್ಸ್ ಅನ್ನುವ ಪಕ್ಕದ ದಾರಿ, ಫೇಡರ್‌ಗಿಂತ ಮುಂಚೆಯದ್ದಾ, ನಂತರದ್ದಾ ನೋಡಿ. ಮುಂಚೆಯದ್ದಾದರೆ ಫೇಡರ್ ಪೂರ್ತಿ ಕೆಳಗೆ ಎಳೆದರೂ ಸಿಂಥ್ ರಿವರ್ಬ್ ಒಳಗೆ ದೆವ್ವದ ಹಾಗೆ ಓಡಾಡುತ್ತಿರುತ್ತದೆ. ಒಮ್ಮೊಮ್ಮೆ ಅದೂ ಚೆಂದವೇ, ಬೇಡದಾಗ ಬಂದರೆ ತಲೆನೋವು.

ಬರ್ಲಿನ್_ಬಾಸ್:

ಇನ್ನೊಂದು ಲಾಭ ನಾನೇ ಹೇಳಿಬಿಡುತ್ತೇನೆ, ನನ್ನ ವಾದಕ್ಕೆ ವಿರುದ್ಧವಾದರೂ. ಸದ್ದು ಮಿಕ್ಸರ್‌ನಿಂದ ನೇರ ಸ್ಪೀಕರ್‌ಗೆ ಹೋದರೆ ಕಂಪ್ಯೂಟರ್‌ನ ತಡ ಇರುವುದಿಲ್ಲ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು, 128 ಸ್ಯಾಂಪಲ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ದಿಕ್ಕಿಗೇ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವ ದಾರಿ, ಪರಿವರ್ತನೆ ಎಲ್ಲಾ ಸೇರಿದರೆ ಬೆರಳಿಗೆ ಗೊತ್ತಾಗಲು ಶುರುವಾಗುತ್ತದೆ.

ಟಿಆರ್-8ಎಸ್ ಯುಎಸ್‌ಬಿ ಬಗ್ಗೆ ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ. ಯುಎಸ್‌ಬಿಯಲ್ಲಿ ಅದೂ ಒಂದು ಇಂಟರ್ಫೇಸ್ ಆದ ಹಾಗೆ. ಮ್ಯಾಕ್ ಆದರೆ ಎರಡು ಇಂಟರ್ಫೇಸ್‌ಗಳನ್ನು ಅಗ್ರಿಗೇಟ್ ಡಿವೈಸ್ ಅಂತ ಒಂದು ಮಾಡಬಹುದು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಎಎಸ್‌ಐಒ ಅನ್ನುವ ಆಡಿಯೋ ಡ್ರೈವರ್, ಅಂದರೆ ಒಂದೇ ಇಂಟರ್ಫೇಸ್. ಅಲ್ಲಿ ಡ್ರಮ್ ಬೇರೆಯಾಗಿ, ಇನ್ನೊಂದು ಸುತ್ತಿನಲ್ಲಿ ರೆಕಾರ್ಡ್ ಮಾಡಬೇಕಾಗುತ್ತದೆ.

ಕರಾವಳಿ_ಕೀಸ್:

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಒಂದು ಸಿಂಥ್, ಒಂದು ಕೇಬಲ್, ಒಂದು ಹೆಡ್‌ಫೋನ್ ತಗೊಂಡು ಹೋಗಿ. ನಾಚಿಕೆ ಬೇಡ. ಒಂದು ನೋಟ್ ಒತ್ತಿ ಹಿಡಿದು ಪ್ರತಿ ಚಾನಲ್‌ಗೂ ಚುಚ್ಚಿ, ಪ್ರತಿ ಫೇಡರ್ ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆಯಿರಿ. ಕರಕರ ಅಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್‌ಗೆ ಹೋಗಬಹುದು. ನಡುವೆ ಸದ್ದೇ ಕಡಿದು ಹೋದರೆ ಆ ಫೇಡರ್ ಮುಗಿದ ಹಾಗೆ. ಜಾಕ್ ಅಲ್ಲಾಡಿಸಿ ನೋಡಿ. ಕಾರ್ಡ್ ಹಾಕಿ ಎರಡು ನಿಮಿಷ ಎಲ್ಲಾ ಟ್ರ್ಯಾಕ್ ರೆಕಾರ್ಡ್ ಮಾಡಿ, ಮತ್ತೆ ಪ್ಲೇ ಮಾಡಿ ಕೇಳಿ. ನಮ್ಮ ಕಡೆಯ, ಅಂದರೆ ಸಮುದ್ರದ ಹತ್ತಿರದ ಮನೆಯ ಮಿಕ್ಸರ್ ಆದರೆ ಜಾಕ್‌ಗಳಲ್ಲಿ ಹಸಿರು ಕಿಲುಬು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಮಳೆಗಾಲದ ನಾಲ್ಕು ತಿಂಗಳು ನಾನು ನನ್ನದಕ್ಕೆ ಹತ್ತಿ ಬಟ್ಟೆ ಹೊದಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಮನೆಯವರು ಅದನ್ನು ತೊಟ್ಟಿಲು ಅನ್ನುತ್ತಾರೆ.

ನಾಬು_ತಿರುಗಿಸು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಮಾಡೆಲ್ 16 ಸಿಕ್ಕಿತು, ಕೇಬಲ್ ಸೇರಿ ಬಜೆಟ್ ಒಳಗೇ. ಕರಾವಳಿಯವರು ಹೇಳಿದ ಹಾಗೆ ಮೈಕ್ರೋಫ್ರೀಕ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮಾರುವವರು ಮೊದಲು ನಕ್ಕರು, ಆಮೇಲೆ ಕಾಫಿ ಕೊಟ್ಟು ತಾವೂ ಸ್ವಲ್ಪ ಹೊತ್ತು ನುಡಿಸಿದರು. ಐದನೇ ಚಾನಲ್ ಫೇಡರ್ ಕರಕರ ಅನ್ನುತ್ತಿತ್ತು, ಅದಕ್ಕೆ ಒಂದೂವರೆ ಸಾವಿರ ಇಳಿಸಿದರು.

ಆರು ಮೊನೊಗಳು 1ರಿಂದ 6. ರಿವರ್ಬ್ ವಾಪಸ್ 7, 8. ಎಕ್ಸ್‌ಪಿಎಸ್, ಡಿಜಿಟಾಕ್ಟ್, ಟಿಆರ್-8ಎಸ್ ಮೂರು ಸ್ಟೀರಿಯೋ ಜೋಡಿಗಳಲ್ಲಿ. ಒಂದು ತೂತೂ ಖಾಲಿ ಇಲ್ಲ. ಎಲ್ಲಾ ಒಂದೇ ಗೋಡೆಯ ಪ್ಲಗ್‌ಗೆ ತಂದೆ, ಗುಂಯ್ ಹೋಯಿತು. ಡಿಎಕ್ಸ್7ರ ಸ್ವಂತ ಹಿಸ್ ಈಗ ಕೇಳುತ್ತದೆ, ಮೊದಲು ಅದು ಇದೆ ಅಂತಲೇ ಗೊತ್ತಿರಲಿಲ್ಲ. ವೋಲ್ಕಾ ಕೀಸ್ ಇಷ್ಟು ದಪ್ಪ ಇದೆ ಅಂತಲೂ ಗೊತ್ತಿರಲಿಲ್ಲ, ಅದರ ಫೇಡರ್ ಅರ್ಧಕ್ಕೇ ಇಟ್ಟಿದ್ದೇನೆ. ಮೊದಲ ರಾತ್ರಿ ಏನೂ ರೆಕಾರ್ಡ್ ಮಾಡಲಿಲ್ಲ, ಸುಮ್ನೆ ಒಂಬತ್ತನ್ನೂ ಒಟ್ಟಿಗೆ ಬಿಟ್ಟು ಫೇಡರ್ ಆಡಿಸುತ್ತಾ ಕೂತಿದ್ದೆ, ಗಡಿಯಾರ ನೋಡಿದರೆ ಒಂದೂ ಮುಕ್ಕಾಲು.

ಈಗ ಹೊಸ ಸಂಕಟ. ನಿನ್ನೆ ಒಬ್ಬರು ಫೋನ್ ಮಾಡಿ ರೋಲ್ಯಾಂಡ್ ಜುನೋ-106 ಸಿಂಥ್ ಕೊಡುತ್ತೇನೆ, ಬೇಕಾ ಅಂದರು. ಅದರ ಕೋರಸ್ ಎಫೆಕ್ಟ್ ಸ್ಟೀರಿಯೋ, ಎರಡು ಇನ್‌ಪುಟ್ ಬೇಕು. ಎಲ್ಲಿಂದ ತರಲಿ?

ಪ್ಯಾಚ್‌ಬೇ_ಅಕ್ಕ:

ನಿಮ್ಮ ಎಕ್ಸ್‌ಪಿಎಸ್ ಜೋಡಿಗೆ ಸಣ್ಣ ಪ್ಯಾಚ್‌ಬೇ ಹಾಕಿ, ಎರಡೂ ಅದೇ ಜಾಗ ಹಂಚಿಕೊಳ್ಳಲಿ. ಅದು ಆಮೇಲೆ. ಮೊದಲು ಹೋಗಿ ಜುನೋದ ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡಿ. ಆಗ ಒಂದೊಂದು ನೋಟ್ ಒತ್ತಿದಾಗಲೂ ಆರು ವಾಯ್ಸ್‌ಗಳಲ್ಲಿ, ಅಂದರೆ ಒಟ್ಟಿಗೆ ನುಡಿಯಬಲ್ಲ ಆರು ದನಿಗಳಲ್ಲಿ, ಯಾವುದು ನುಡಿಯುತ್ತಿದೆ ಅಂತ ಡಿಸ್‌ಪ್ಲೇಯಲ್ಲಿ ನಂಬರ್ ಬರುತ್ತದೆ. 106ರ ವಾಯ್ಸ್ ಚಿಪ್‌ಗಳು ಸಾಯುವುದಕ್ಕೇ ಹೆಸರುವಾಸಿ. ಆರೂ ಬದುಕಿವೆಯಾ ನೋಡಿ ಬಂದು ಹೇಳಿ, ಆಮೇಲೆ ಚಾನಲ್ ಹುಡುಕೋಣ.